ಮೂರು ಗುಂಪುಗಳ ಸರಾಸರಿಯನ್ನು ಹೋಲಿಸುವುದು ಹೇಗೆ: ವ್ಯವಹಾರ ಸಂಶೋಧನೆ ಮಾಡುವವರಿಗೆ ಅನೋವಾ ಮಾರ್ಗದರ್ಶಿ

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಹತ್ತಿರ ಬಂದಂತೆಲ್ಲ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎಂ.ಕಾಂ. ಮತ್ತು ಎಂ.ಬಿ.ಎ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಮೂರು ಗುಂಪುಗಳ ಸರಾಸರಿ ಬೇರೆ ಬೇರೆ ಬಂದಿದೆ, ಇದಕ್ಕೆ ಅನೋವಾ ಹಾಕಬೇಕಂತೆ, ಹೇಗೆ ಹಾಕುವುದು?’ ಈಚೆಗೆ ಸಣ್ಣ ಉದ್ದಿಮೆ ನಡೆಸುವವರೂ ಇದನ್ನೇ ಕೇಳತೊಡಗಿದ್ದಾರೆ. ‘ಹಾಕುವುದು’ ಎಂಬ ಮಾತಿನಲ್ಲೇ ತೊಡಕು ಇದೆ ಎಂದು ನನಗೆ ಅನ್ನಿಸುತ್ತದೆ. ಸಾರು ಕುದಿದ ಮೇಲೆ ಒಗ್ಗರಣೆ ಹಾಕಿದಂತೆ, ಅಂಕಿಗಳನ್ನೆಲ್ಲ ಸಂಗ್ರಹಿಸಿ ಮುಗಿದ ನಂತರ ವರದಿಯ ನಾಲ್ಕನೆಯ ಅಧ್ಯಾಯಕ್ಕೆ ಅನೋವಾ ಹಾಕಲಾಗುತ್ತದೆ. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ತೆರೆಯುವುದಕ್ಕೆ ಬಹಳ ಮೊದಲೇ, ಅಂಗಡಿ ಬಾಗಿಲಲ್ಲಿ ನಿಂತು ಅಂಕಿ ಬರೆದುಕೊಳ್ಳುವಾಗಲೇ ಆಗಿಹೋಗಿರುತ್ತವೆ. ಆದ್ದರಿಂದ ಈ ಲೇಖನದ ಅರ್ಧ ಭಾಗ ಲೆಕ್ಕಕ್ಕೆ ಮುಂಚಿನ ಕೆಲಸಕ್ಕೇ ಮೀಸಲಾಗಿದೆ.

ಅನೋವಾ ಎಂದರೆ ‘ಅನಾಲಿಸಿಸ್ ಆಫ್ ವೇರಿಯನ್ಸ್’ ಎಂಬುದರ ಹ್ರಸ್ವ ರೂಪ. ವೇರಿಯನ್ಸ್ ಎಂದರೆ ಅಂಕಿಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ಫಿಷರ್ 1920ರ ದಶಕದಲ್ಲಿ ಬೆಳೆ ಪ್ರಯೋಗಗಳ ಇಳುವರಿಯನ್ನು ಹೋಲಿಸಲು ಈ ವಿಧಾನವನ್ನು ರೂಪಿಸಿದರು. ಬೇರೆ ಬೇರೆ ಗೊಬ್ಬರ ಹಾಕಿದ ತಾಕುಗಳ ಇಳುವರಿ ಬೇರೆಯಾಗುವುದು ಸಹಜ. ಆದರೆ ಒಂದೇ ಗೊಬ್ಬರ ಹಾಕಿದ ತಾಕುಗಳಲ್ಲೂ ಇಳುವರಿ ಒಂದೇ ಇರುವುದಿಲ್ಲ. ಮೊದಲನೆಯ ಏರುಪೇರು ಎರಡನೆಯದಕ್ಕಿಂತ ಗಮನಾರ್ಹವಾಗಿ ದೊಡ್ಡದಾಗಿದ್ದರೆ ಮಾತ್ರ ಅದು ಗೊಬ್ಬರದಿಂದ ಬಂದದ್ದು ಎನ್ನಬಹುದು. ಈ ಎರಡರ ಅನುಪಾತವೇ ‘ಎಫ್’. ಈ ಅಕ್ಷರವನ್ನು ಫಿಷರ್ ಅವರ ಗೌರವಾರ್ಥ ಬಳಕೆಗೆ ತಂದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಸ್ನೆಡೆಕರ್.

ಎರಡೆರಡು ಗುಂಪುಗಳನ್ನು ತೆಗೆದುಕೊಂಡು ಟಿ-ಪರೀಕ್ಷೆ, ಎಂದರೆ ಎರಡೇ ಸರಾಸರಿಗಳನ್ನು ಹೋಲಿಸುವ ಪರೀಕ್ಷೆ, ಮಾಡುತ್ತ ಹೋದರೆ ಸಾಲದೇ ಎಂದು ನೀವು ಕೇಳಬಹುದು. ಪ್ರತಿ ಪರೀಕ್ಷೆಯಲ್ಲೂ ಇಲ್ಲದ ವ್ಯತ್ಯಾಸವನ್ನು ಇದೆ ಎಂದು ತಪ್ಪಾಗಿ ಸಾರುವ ಸಂಭವ ಶೇ. 5 ಇರುತ್ತದೆ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳನ್ನು ಎರಡೆರಡಾಗಿ ಹೋಲಿಸಿದರೆ 21 ಜೋಡಿಗಳಾಗುತ್ತವೆ. ಪ್ರತಿ ಹೋಲಿಕೆಯೂ ಸ್ವತಂತ್ರವೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಒಂದಾದರೂ ಸುಳ್ಳು ವ್ಯತ್ಯಾಸ ಕಾಣಿಸಿಕೊಳ್ಳುವ ಸಂಭವ ಸುಮಾರು ಶೇ. 66ಕ್ಕೆ ಏರುತ್ತದೆ. ಅನೋವಾ ಎಲ್ಲ ಗುಂಪುಗಳನ್ನೂ ಒಂದೇ ಪರೀಕ್ಷೆಯಲ್ಲಿ ನೋಡುವುದರಿಂದ ಈ ತಪ್ಪು ಶೇ. 5ರಲ್ಲೇ ನಿಲ್ಲುತ್ತದೆ.

ಮುಂದಿನ ಹಂತಗಳಿಗೆಲ್ಲ ಒಂದೇ ಉದಾಹರಣೆಯನ್ನು ಬಳಸುತ್ತೇನೆ. ಸಾಗರದ ಕಡೆಯ ಮಹಿಳೆಯರ ಸ್ವಸಹಾಯ ಗುಂಪೊಂದು ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸುತ್ತದೆ ಎಂದುಕೊಳ್ಳಿ. ಅರ್ಧ ಕಿಲೋ ಉಪ್ಪಿನಕಾಯಿಯನ್ನು ಗಾಜಿನ ಬಾಟಲಿ, ಪ್ಲಾಸ್ಟಿಕ್ ಡಬ್ಬಿ, ಪೌಚ್ ಎಂಬ ಮೂರು ಬಗೆಯಲ್ಲಿ ತುಂಬಿ, ಒಂದೇ ಬೆಲೆಗೆ ಮಾರಿದರೆ ಯಾವುದು ಹೆಚ್ಚು ಹೋಗುತ್ತದೆ ಎಂಬುದು ಅವರ ಪ್ರಶ್ನೆ. ಅಂಕಿಗಳನ್ನು ಲೆಕ್ಕ ಕಲಿಸುವುದಕ್ಕೆಂದೇ ನಾನು ಹೊಂದಿಸಿದ್ದೇನೆ. ಇವು ಯಾವ ಸಮೀಕ್ಷೆಯಿಂದ ಬಂದವೂ ಅಲ್ಲ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

ಆ ವಾಕ್ಯದಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗಿರಬೇಕು. ಒಂದು, ಅಳೆಯುವ ಪರಿಮಾಣ. ಇಲ್ಲಿ ವಾರಕ್ಕೆ ಮಾರಾಟವಾದ ಪ್ಯಾಕ್‌ಗಳ ಸಂಖ್ಯೆ. ಇದು ಕೂಡಿ ಕಳೆಯಲು ಬರುವ ಅಂಕಿಯಾಗಿರಬೇಕು. ಎರಡು, ಗುಂಪು ಮಾಡುವ ಅಂಶ. ಅದನ್ನು ‘ಫ್ಯಾಕ್ಟರ್’ ಎನ್ನುತ್ತಾರೆ. ಇಲ್ಲಿ ಪ್ಯಾಕಿಂಗ್ ಬಗೆ ಫ್ಯಾಕ್ಟರ್, ಅದರ ಮೂರು ವಿಧಗಳು ಅದರ ‘ಲೆವೆಲ್’ಗಳು. ನಂತರ ಶೂನ್ಯ ಪ್ರಾಕ್ಕಲ್ಪನೆಯನ್ನು, ಎಂದರೆ ಪರೀಕ್ಷೆಗೆ ಒಡ್ಡುವ ‘ವ್ಯತ್ಯಾಸವಿಲ್ಲ’ ಎಂಬ ಹೇಳಿಕೆಯನ್ನು ಬರೆಯಿರಿ: ಮೂರೂ ಪ್ಯಾಕಿಂಗ್‌ಗಳ ಸರಾಸರಿ ಮಾರಾಟ ಒಂದೇ. ಇದಕ್ಕೆ ಎದುರಾದ ಪ್ರಾಕ್ಕಲ್ಪನೆ ‘ಮೂರೂ ಬೇರೆ ಬೇರೆ’ ಎಂದಲ್ಲ. ‘ಕನಿಷ್ಠ ಒಂದು ಸರಾಸರಿಯಾದರೂ ಬೇರೆ’ ಎಂದು. ವೈವಾದಲ್ಲಿ ಇದೊಂದನ್ನೇ ಹಿಡಿದು ಹತ್ತು ನಿಮಿಷ ಕಾಡುವ ಪರೀಕ್ಷಕರಿದ್ದಾರೆ, ಮತ್ತು ಅವರು ಕಾಡುವುದರಲ್ಲಿ ನ್ಯಾಯವಿದೆ.

ವಯಸ್ಸು, ಆದಾಯದಂಥ ಅಂಕಿಗಳನ್ನು ಗುಂಪುಗಳಾಗಿ ಕತ್ತರಿಸಿ ಅನೋವಾಕ್ಕೆ ಒಡ್ಡುವುದು ನಮ್ಮಲ್ಲಿ ರೂಢಿಯಾಗಿದೆ. ನಿಖರವಾದ ಆದಾಯ ನಿಮ್ಮ ಬಳಿ ಇದ್ದರೆ ಅದನ್ನು ಮೂರು ಗುಂಪುಗಳಾಗಿ ಒಡೆದು ಮಾಹಿತಿ ಕಳೆದುಕೊಳ್ಳುವ ಬದಲು ರಿಗ್ರೆಶನ್ ಬಳಸಿ. ಒಂದು ಪರಿಮಾಣ ಏರಿದಂತೆ ಇನ್ನೊಂದು ಹೇಗೆ ಬದಲಾಗುತ್ತದೆ ಎಂದು ನೇರವಾಗಿ ತೋರಿಸುವ ವಿಧಾನ ಅದು.

ಹಂತ 2: ‘ಒಂದು ಅಂಕಿ’ ಎಂದರೆ ಯಾವುದು ಎಂದು ನಿರ್ಧರಿಸಿ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಓದುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಓದಿ. ಅನೋವಾದ ಎಲ್ಲ ಷರತ್ತುಗಳಲ್ಲಿ ಅತಿ ಮುಖ್ಯವಾದುದು ಸ್ವತಂತ್ರತೆ: ಒಂದು ಅಂಕಿಯನ್ನು ತಿಳಿದ ಮಾತ್ರಕ್ಕೆ ಇನ್ನೊಂದು ಅಂಕಿಯ ಸುಳಿವು ಸಿಗಬಾರದು. ಉಳಿದ ಷರತ್ತುಗಳು ಸ್ವಲ್ಪ ಮುರಿದರೆ ಅನೋವಾ ಸಹಿಸಿಕೊಳ್ಳುತ್ತದೆ, ಇದು ಮುರಿದರೆ ಸಹಿಸುವುದಿಲ್ಲ, ಮತ್ತು ಮುರಿದಿದೆ ಎಂದು ಯಾವ ಸಾಫ್ಟ್‌ವೇರೂ ತಾನಾಗಿ ಎಚ್ಚರಿಸುವುದಿಲ್ಲ.

ನಮ್ಮ ಪ್ರಯೋಗದಲ್ಲಿ ಪ್ರತಿ ಪ್ಯಾಕಿಂಗಿಗೆ ಐದು ಅಂಗಡಿಗಳಂತೆ ಒಟ್ಟು 15 ಅಂಗಡಿಗಳಿವೆ. ಹತ್ತು ವಾರ ಮಾರಾಟ ಬರೆದುಕೊಂಡರೆ ಹಾಳೆಯಲ್ಲಿ 150 ಸಾಲುಗಳು ತುಂಬುತ್ತವೆ. 150 ಅಂಕಿಗಳಿವೆ ಎಂದು ಹಿಗ್ಗಬೇಡಿ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಈ ವಾರ ಹೆಚ್ಚು ಮಾರಾಟವಾದರೆ ಮುಂದಿನ ವಾರವೂ ಹೆಚ್ಚೇ ಆಗುತ್ತದೆ. ಆ ಹತ್ತು ಸಾಲುಗಳು ಒಂದೇ ಅಂಗಡಿಯ ಕತೆಯನ್ನು ಹತ್ತು ಸಲ ಹೇಳುತ್ತಿವೆ. ಸರಿಯಾದ ಕ್ರಮವೆಂದರೆ ಪ್ರತಿ ಅಂಗಡಿಯ ಹತ್ತು ವಾರಗಳ ಸರಾಸರಿ ತೆಗೆದು, ಅಂಗಡಿಗೆ ಒಂದೇ ಅಂಕಿಯಂತೆ 15 ಅಂಕಿಗಳನ್ನು ಇಟ್ಟುಕೊಳ್ಳುವುದು. ಮನಸ್ಸಿಗೆ ನಷ್ಟವಾದಂತೆ ಕಾಣುತ್ತದೆ, ಆದರೆ ನಿಮ್ಮಲ್ಲಿ ನಿಜವಾಗಿ ಇದ್ದದ್ದು ಅಷ್ಟೇ.

ಅಡಿಕೆ ಧಾರಣೆಯ ವಿಷಯದಲ್ಲಿ ಈ ತಪ್ಪು ಇನ್ನೂ ದೊಡ್ಡದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಒಂದು ತಿಂಗಳ ದರವನ್ನು ಪಟ್ಟಿ ಮಾಡಿ ಅನೋವಾ ಮಾಡಿದ ವರದಿಗಳು ಪ್ರತಿ ವರ್ಷ ಕಾಣಸಿಗುತ್ತವೆ. ಇಂದಿನ ದರ ನಿನ್ನೆಯ ದರದ ಹಿಂದೆಯೇ ನಡೆಯುತ್ತದೆ. ಒಂದು ಮಾರುಕಟ್ಟೆಯ ದರ ಇನ್ನೊಂದಕ್ಕೆ ಫೋನಿನಲ್ಲಿ ಕೆಲವೇ ನಿಮಿಷಗಳಲ್ಲಿ ತಲುಪುತ್ತದೆ. ಇಲ್ಲಿ ಸ್ವತಂತ್ರತೆ ಎರಡು ಕಡೆಯಿಂದಲೂ ಇಲ್ಲ. ಅದರ ಮೇಲೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವನ್ನೂ ಒಂದೇ ಸರಾಸರಿಯಲ್ಲಿ ಬೆರೆಸಿದ್ದರೆ, ನೀವು ಅಳೆದದ್ದು ಮಾರುಕಟ್ಟೆಗಳ ವ್ಯತ್ಯಾಸವನ್ನಲ್ಲ, ಎಲ್ಲಿಗೆ ಯಾವ ಬಗೆಯ ಅಡಿಕೆ ಹೆಚ್ಚು ಬಂದಿತ್ತು ಎಂಬುದನ್ನು. ಇಂಥ ಅಂಕಿಗಳಿಗೆ ಕಾಲಾನುಕ್ರಮ ವಿಶ್ಲೇಷಣೆಯ ವಿಧಾನಗಳು ಬೇರೆಯೇ ಇವೆ.

ಒಂದೇ ಅಂಗಡಿಯಲ್ಲಿ ಮೊದಲ ವಾರ ಬಾಟಲಿ, ಎರಡನೆಯ ವಾರ ಡಬ್ಬಿ, ಮೂರನೆಯ ವಾರ ಪೌಚ್ ಇಟ್ಟು ಹೋಲಿಸುವುದಾದರೆ ಅದು ತಪ್ಪಲ್ಲ, ಆದರೆ ಆಗ ಬಳಸಬೇಕಾದದ್ದು ‘ರಿಪೀಟೆಡ್ ಮೆಷರ್ಸ್ ಅನೋವಾ’, ಎಂದರೆ ಒಂದೇ ಘಟಕವನ್ನು ಮತ್ತೆ ಮತ್ತೆ ಅಳೆದಾಗ ಬಳಸುವ ರೂಪ. ಯಾವ ಅಂಗಡಿಯಲ್ಲಿ ಯಾವ ವಾರ ಯಾವ ಪ್ಯಾಕ್ ಎಂಬುದನ್ನು ಅದಲು ಬದಲು ಮಾಡಬೇಕಾಗುತ್ತದೆ. ಇಲ್ಲವಾದರೆ ಮಾರಿಕಾಂಬಾ ಜಾತ್ರೆಯ ವಾರ ಯಾವ ಪ್ಯಾಕ್ ಇತ್ತೋ ಅದೇ ಗೆದ್ದುಬಿಡುತ್ತದೆ.

ಹಂತ 3: ಹಂಚಿಕೆಗೆ ಚೀಟಿ ಎತ್ತಿ

ಯಾವ ಅಂಗಡಿಗೆ ಯಾವ ಪ್ಯಾಕಿಂಗ್ ಎಂಬುದನ್ನು ಅಂಗಡಿಯವರಿಗಾಗಲಿ ನಿಮ್ಮ ಅನುಕೂಲಕ್ಕಾಗಲಿ ಬಿಡಬಾರದು. ಗಾಜಿನ ಬಾಟಲಿ ಒಡೆಯುತ್ತದೆ ಎಂದು ಅದನ್ನು ಹತ್ತಿರದ, ರಸ್ತೆ ಚೆನ್ನಾಗಿರುವ ಪೇಟೆ ಅಂಗಡಿಗಳಿಗೆ ಕೊಟ್ಟು, ಪೌಚನ್ನು ಒಳನಾಡಿನ ಅಂಗಡಿಗಳಿಗೆ ಕಳಿಸುವುದು ಸಹಜವಾದ ಆಸೆ. ಹಾಗೆ ಮಾಡಿದರೆ ಪ್ಯಾಕಿಂಗಿನ ಪ್ರಭಾವ ಯಾವುದು, ಪೇಟೆಯ ಪ್ರಭಾವ ಯಾವುದು ಎಂದು ಆಮೇಲೆ ಬಿಡಿಸಲು ಬರುವುದಿಲ್ಲ. ಹದಿನೈದು ಅಂಗಡಿಗಳ ಹೆಸರನ್ನು ಒಂದೇ ಅಳತೆಯ ಚೀಟಿಗಳಲ್ಲಿ ಬರೆದು, ಒಂದೇ ರೀತಿ ಮಡಚಿ, ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ ಚೆನ್ನಾಗಿ ಅಲುಗಿಸಿ. ಮೊದಲು ಬಂದ ಐದು ಬಾಟಲಿಗೆ, ಮುಂದಿನ ಐದು ಪ್ಲಾಸ್ಟಿಕ್ ಡಬ್ಬಿಗೆ, ಉಳಿದವು ಪೌಚಿಗೆ. ಎತ್ತಿದ ಕ್ರಮವನ್ನು ಅಲ್ಲೇ ಬರೆದಿಡಿ. ‘ಅಯ್ಯೋ, ಇದು ಆ ಅಂಗಡಿಗೆ ಹೊಂದುವುದಿಲ್ಲ’ ಎಂದು ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಬಾರದು.

ಅಂಗಡಿಗಳಲ್ಲಿ ಎದ್ದು ಕಾಣುವ ಭೇದವಿದ್ದರೆ ಮೊದಲೇ ವಿಂಗಡಿಸಿಕೊಳ್ಳಿ. ಎತ್ತರದ ಮಕ್ಕಿ ಗದ್ದೆಯನ್ನೂ ತಗ್ಗಿನ ಬೈಲು ಗದ್ದೆಯನ್ನೂ ಒಂದೇ ಎಂದು ತಿಳಿದು ಇಳುವರಿ ಹೋಲಿಸುವ ರೈತ ನಮ್ಮಲ್ಲಿಲ್ಲ. ಹಾಗೆಯೇ ಪೇಟೆಯ ಅಂಗಡಿಗಳಿಗೆ ಒಂದು ಚೀಟಿ ಡಬ್ಬಿ, ಜೋಗದ ದಾರಿಯ ಅಂಗಡಿಗಳಿಗೆ ಇನ್ನೊಂದು ಚೀಟಿ ಡಬ್ಬಿ ಇಟ್ಟು ಬೇರೆ ಬೇರೆಯಾಗಿ ಚೀಟಿ ಎತ್ತಬಹುದು. ಈ ವಿಂಗಡಣೆಗೆ ‘ಬ್ಲಾಕ್’ ಎಂದು ಹೆಸರು, ವಿಶ್ಲೇಷಣೆಯಲ್ಲೂ ಅದನ್ನು ಸೇರಿಸಿಕೊಳ್ಳಬೇಕು.

ಪ್ರಶ್ನಾವಳಿ ಆಧಾರಿತ ಸಮೀಕ್ಷೆಯಲ್ಲಿ ಚೀಟಿ ಎತ್ತಿ ಹಂಚುವ ಅವಕಾಶವಿಲ್ಲ. ಗ್ರಾಹಕರ ಊರು, ಉದ್ಯೋಗ ಮೊದಲೇ ನಿಗದಿಯಾಗಿರುತ್ತವೆ. ಆಗಲೂ ಅನೋವಾ ಮಾಡಬಹುದು. ಆದರೆ ‘ಈ ಗುಂಪುಗಳಲ್ಲಿ ವ್ಯತ್ಯಾಸವಿದೆ’ ಎನ್ನಬಹುದೇ ಹೊರತು ‘ಇದರಿಂದಲೇ ಆ ವ್ಯತ್ಯಾಸ ಬಂತು’ ಎನ್ನಲಾಗದು.

ಹಂತ 4: ಎಷ್ಟು ಅಂಕಿಗಳು ಬೇಕು ಎಂದು ಮೊದಲೇ ಲೆಕ್ಕ ಹಾಕಿ

ಮೂರು ಗುಂಪುಗಳಿದ್ದು, ಮಧ್ಯಮ ಗಾತ್ರದ (ಗಾತ್ರದ ಅಳತೆಗೋಲು ಹಂತ 9ರಲ್ಲಿದೆ) ವ್ಯತ್ಯಾಸವನ್ನು ಶೇ. 80ರ ಸಂಭವದೊಂದಿಗೆ ಹಿಡಿಯಬೇಕಾದರೆ, ಶೇ. 5ರ ಮಟ್ಟದಲ್ಲಿ ಪ್ರತಿ ಗುಂಪಿಗೆ ಸುಮಾರು 52–53 ಅಂಕಿಗಳು ಬೇಕು. ವ್ಯತ್ಯಾಸ ದೊಡ್ಡದೆಂಬ ನಿರೀಕ್ಷೆಯಿದ್ದರೆ ಗುಂಪಿಗೆ 21–22 ಸಾಕು. ‘ಜೀ-ಪವರ್’ ಎಂಬ ಉಚಿತ ಸಾಫ್ಟ್‌ವೇರ್ ಈ ಲೆಕ್ಕ ಮಾಡಿಕೊಡುತ್ತದೆ. ನನ್ನ ಉದಾಹರಣೆಯಲ್ಲಿ ಗುಂಪಿಗೆ ಐದೇ ಅಂಕಿಗಳಿರುವುದು ಕೈಲೆಕ್ಕ ಸುಲಭವಾಗಲಿ ಎಂದು. ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ.

ಗುಂಪುಗಳು ಆದಷ್ಟು ಸಮನಾಗಿರಲಿ. ‘18–25 ವಯಸ್ಸಿನವರು 92, 60 ಮೀರಿದವರು 3’ ಎಂಬಂಥ ಪಟ್ಟಿಗಳು ಮೊಬೈಲಿನಲ್ಲಿ ಗೂಗಲ್ ಫಾರ್ಮ್ ಹಂಚಿದ ಕಡೆಯೆಲ್ಲ ಬರುತ್ತವೆ. ಆ ಮೂವರ ಸರಾಸರಿಯಿಂದ ಹಿರಿಯ ನಾಗರಿಕರ ಬಗ್ಗೆ ಏನನ್ನೂ ಹೇಳಲಾಗದು.

ಹಂತ 5: ಲೆಕ್ಕಕ್ಕೆ ಮೊದಲು ಅಂಕಿಗಳನ್ನು ಕಣ್ಣಿಂದ ನೋಡಿ

ಪ್ರತಿ ಗುಂಪಿಗೂ ಒಂದು ಬಾಕ್ಸ್‌ಪ್ಲಾಟ್ ಬರೆಯಿರಿ. ಮಧ್ಯಾಂಕವನ್ನೂ ಚದುರುವಿಕೆಯನ್ನೂ ಒಂದು ಪೆಟ್ಟಿಗೆಯ ರೂಪದಲ್ಲಿ ತೋರಿಸುವ ಚಿತ್ರ ಅದು. ಬರೆಯುವಾಗಿನ ತಪ್ಪುಗಳು ಮೊದಲು ಇಲ್ಲೇ ಸಿಕ್ಕಿಬೀಳುತ್ತವೆ. ಹಳೆಯ ಅಂಗಡಿಗಳ ಲೆಕ್ಕದ ಪುಸ್ತಕದಲ್ಲಿ ರೂಪಾಯಿ ಮತ್ತು ಪೈಸೆಯ ನಡುವೆ ಎರಡು ಗೆರೆ ಎಳೆದು ‘240=00’ ಎಂದು ಬರೆಯುವ ಕ್ರಮವಿದೆ; ಅವಸರದ ಬರಹದಲ್ಲಿ ಆ ಗೆರೆಗಳು ಅಳಿಸಿದಂತಾಗಿ ನಾನೇ ಒಮ್ಮೆ ಅದನ್ನು 24000 ಎಂದು ಟೈಪ್ ಮಾಡಿದ್ದೆ. ಆ ಒಂದು ಸಾಲು ಇಡೀ ಗುಂಪಿನ ಸರಾಸರಿಯನ್ನು ಹೊತ್ತುಕೊಂಡು ಹೋಗಿತ್ತು.

ನಂತರ ಎರಡು ಷರತ್ತುಗಳನ್ನು ಪರಿಶೀಲಿಸಿ. ಮೊದಲನೆಯದು, ಗುಂಪುಗಳ ಚದುರುವಿಕೆ ಹೆಚ್ಚುಕಡಿಮೆ ಸಮನಾಗಿರಬೇಕು. ಇದಕ್ಕೆ ಲೆವೀನ್ ಪರೀಕ್ಷೆ ಬಳಸುತ್ತಾರೆ. ಅದರ ಪಿ-ಮೌಲ್ಯ, ಎಂದರೆ ವ್ಯತ್ಯಾಸವೇ ಇಲ್ಲದಿದ್ದಾಗ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ, 0.05ಕ್ಕಿಂತ ಕಡಿಮೆ ಬಂದರೆ ಚದುರುವಿಕೆ ಸಮವಿಲ್ಲ ಎಂದರ್ಥ. ಇಲ್ಲಿ ಕಡಿಮೆ ಪಿ-ಮೌಲ್ಯ ಬಂದದ್ದಕ್ಕೆ ಸಂತೋಷಪಡುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ, ಅದು ಕೆಟ್ಟ ಸುದ್ದಿ. ಗುಂಪುಗಳ ಮಾನಕ ವಿಚಲನೆಗಳಲ್ಲಿ (ವೇರಿಯನ್ಸಿನ ವರ್ಗಮೂಲ) ಅತಿ ದೊಡ್ಡದು ಅತಿ ಸಣ್ಣದರ ಎರಡು ಪಟ್ಟು ಮೀರಿಲ್ಲದಿದ್ದರೆ, ಗುಂಪುಗಳ ಗಾತ್ರವೂ ಸಮನಾಗಿದ್ದರೆ, ಸಾಮಾನ್ಯವಾಗಿ ತೊಂದರೆಯಿಲ್ಲ. ಮೀರಿದ್ದರೆ ವೆಲ್ಚ್ ಅವರು 1951ರಲ್ಲಿ ಪ್ರಕಟಿಸಿದ ರೂಪವನ್ನು ಬಳಸಿ. ಚದುರುವಿಕೆ ಸಮವೆಂದು ಭಾವಿಸದೆಯೇ ಲೆಕ್ಕ ಮಾಡುವ ಅನೋವಾ ಅದು. ನನ್ನನ್ನು ಕೇಳಿದರೆ, ಗುಂಪುಗಳ ಗಾತ್ರ ಅಸಮವಾಗಿದ್ದಾಗಲೆಲ್ಲ ವೆಲ್ಚ್ ಅನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯದು, ಪ್ರತಿ ಅಂಕಿಯಿಂದ ಅದರ ಗುಂಪಿನ ಸರಾಸರಿಯನ್ನು ಕಳೆದಾಗ ಉಳಿಯುವ ಶೇಷಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಗೆ ಹತ್ತಿರವಿರಬೇಕು. ಎಲ್ಲ ಗುಂಪುಗಳ ಅಂಕಿಗಳನ್ನು ಒಟ್ಟುಗೂಡಿಸಿ ಈ ಪರೀಕ್ಷೆ ಮಾಡುವುದು ಸಾಮಾನ್ಯ ತಪ್ಪು, ನೋಡಬೇಕಾದದ್ದು ಶೇಷಗಳನ್ನು. ಬಿಲ್ ಮೊತ್ತದಂಥ ಅಂಕಿಗಳಲ್ಲಿ ಚಿಲ್ಲರೆ ಗ್ರಾಹಕರ ನೂರಾರು ಸಣ್ಣ ಬಿಲ್ಲುಗಳ ಜೊತೆ ಸಗಟು ವ್ಯಾಪಾರಿಗಳ ಕೆಲವೇ ದೊಡ್ಡ ಬಿಲ್ಲುಗಳು ಸೇರಿ ಬಾಲ ಉದ್ದವಾಗುತ್ತದೆ. ಅಂಥ ಕಡೆ ಲಾಗ್ ಮೌಲ್ಯ ತೆಗೆದು ಲೆಕ್ಕ ಮಾಡಬಹುದು, ಅಥವಾ 1952ರಿಂದ ಬಳಕೆಯಲ್ಲಿರುವ ಕ್ರಸ್ಕಲ್–ವಾಲಿಸ್ ಪರೀಕ್ಷೆ ಬಳಸಬಹುದು. ಅದು ಅಂಕಿಗಳ ಬದಲು ಅವುಗಳ ಕ್ರಮಾಂಕವನ್ನು ಹೋಲಿಸುತ್ತದೆ. ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗಿನ ಐದು ಅಂಕಗಳ ಒಂದೇ ಹೇಳಿಕೆಗೂ ಇದೇ ಸೂಕ್ತ. ಹಲವು ಹೇಳಿಕೆಗಳನ್ನು ಕೂಡಿಸಿ ಪಡೆದ ಒಟ್ಟು ಅಂಕವಾದರೆ ಅನೋವಾ ನಡೆಯುತ್ತದೆ.

ಹಂತ 6: ಒಮ್ಮೆಯಾದರೂ ಕೈಯಲ್ಲಿ ಲೆಕ್ಕ ಮಾಡಿ

ಐದೈದು ಅಂಗಡಿಗಳಲ್ಲಿ ವಾರಕ್ಕೆ ಸರಾಸರಿ ಮಾರಾಟವಾದ ಪ್ಯಾಕ್‌ಗಳು, ಪೂರ್ಣಾಂಕಕ್ಕೆ ತಂದ ಮೇಲೆ, ಹೀಗಿವೆ:

ಗಾಜಿನ ಬಾಟಲಿ: 22, 26, 24, 28, 25. ಸರಾಸರಿ 25.
ಪ್ಲಾಸ್ಟಿಕ್ ಡಬ್ಬಿ: 18, 21, 19, 24, 18. ಸರಾಸರಿ 20.
ಪೌಚ್: 22, 18, 20, 24, 21. ಸರಾಸರಿ 21.

ಹದಿನೈದೂ ಅಂಕಿಗಳ ಒಟ್ಟು 330, ಸಮಗ್ರ ಸರಾಸರಿ 22.

ಮೊದಲು ಗುಂಪುಗಳ ನಡುವಣ ಚದುರುವಿಕೆ. ಪ್ರತಿ ಗುಂಪಿನ ಸರಾಸರಿಯಿಂದ 22ನ್ನು ಕಳೆದರೆ 3, −2, −1 ಬರುತ್ತವೆ, ಅವುಗಳ ವರ್ಗಗಳು 9, 4, 1, ಮೊತ್ತ 14. ಪ್ರತಿ ಗುಂಪಿನಲ್ಲಿ ಐದು ಅಂಗಡಿಗಳಿರುವುದರಿಂದ ಐದರಿಂದ ಗುಣಿಸಿದರೆ 70. ಇದು ಗುಂಪುಗಳ ನಡುವಣ ವರ್ಗಗಳ ಮೊತ್ತ.

ಈಗ ಗುಂಪಿನೊಳಗಣ ಚದುರುವಿಕೆ. ಬಾಟಲಿಯ ಐದು ಅಂಕಿಗಳಿಂದ 25ನ್ನು ಕಳೆದರೆ −3, 1, −1, 3, 0. ವರ್ಗಗಳ ಮೊತ್ತ 20. ಡಬ್ಬಿಯಲ್ಲಿ ಇದೇ ರೀತಿ 26, ಪೌಚಿನಲ್ಲಿ 20. ಒಟ್ಟು 66. ಒಂದೇ ಬಗೆಯ ಪ್ಯಾಕ್ ಇದ್ದರೂ ಅಂಗಡಿಯಿಂದ ಅಂಗಡಿಗೆ ಬರುವ ಏರುಪೇರು ಇದು; ಇದನ್ನೇ ಪಟ್ಟಿಗಳಲ್ಲಿ ‘ಎರರ್’ ಎಂದು ಕರೆಯುತ್ತಾರೆ. ಹೆಸರು ಕೇಳಿ ನೀವು ಏನೋ ತಪ್ಪು ಮಾಡಿದ್ದೀರಿ ಎಂದುಕೊಳ್ಳಬೇಡಿ.

ಈ ಎರಡನ್ನೂ ಅವುಗಳ ‘ಡಿಗ್ರೀಸ್ ಆಫ್ ಫ್ರೀಡಂ’ನಿಂದ ಭಾಗಿಸಬೇಕು. ಸರಾಸರಿ ನಿಗದಿಯಾದ ಮೇಲೆ ಎಷ್ಟು ಅಂಕಿಗಳು ಸ್ವತಂತ್ರವಾಗಿ ಬದಲಾಗಬಲ್ಲವು ಎಂಬ ಎಣಿಕೆ ಅದು. ಮೂರು ಗುಂಪುಗಳಿಗೆ 3−1=2; ಹದಿನೈದು ಅಂಗಡಿಗಳಿಂದ ಮೂರು ಸರಾಸರಿಗಳನ್ನು ಕಳೆದರೆ 12. ಆದ್ದರಿಂದ 70÷2=35 ಮತ್ತು 66÷12=5.5. ಎಫ್ ಎಂದರೆ 35÷5.5, ಸುಮಾರು 6.36.

ಎಫ್ ಕೋಷ್ಟಕದಲ್ಲಿ 2 ಮತ್ತು 12ರ ಎದುರು ಶೇ. 5ರ ಮಟ್ಟದ ಗಡಿ 3.89; ಶೇ. 1ರ ಮಟ್ಟದ ಗಡಿ 6.93. ನಮ್ಮದು ಮೊದಲನೆಯದನ್ನು ದಾಟಿದೆ, ಎರಡನೆಯದನ್ನು ದಾಟಿಲ್ಲ. ಸರಿಯಾದ ಪಿ-ಮೌಲ್ಯ ಸುಮಾರು 0.013. ಇದರ ಅರ್ಥ: ಪ್ಯಾಕಿಂಗಿನಿಂದ ಯಾವ ವ್ಯತ್ಯಾಸವೂ ಇಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಎಫ್ ಆಕಸ್ಮಿಕವಾಗಿ ಬರುವ ಸಂಭವ ಶೇ. 1.3. ‘ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವ ಶೇ. 1.3’ ಎಂದು ಇದನ್ನು ತಿರುಗಿಸಿ ಬರೆಯುವುದು ತಪ್ಪು.

ಈ ಹಂತದಲ್ಲಿ ಡಿಗ್ರೀಸ್ ಆಫ್ ಫ್ರೀಡಂ ಎರಡನೆಯ ಹಂತದ ತಪ್ಪನ್ನು ಬಯಲು ಮಾಡುತ್ತದೆ. ಅಂಗಡಿಗಳು ಹದಿನೈದೇ ಇದ್ದು ಪಟ್ಟಿಯಲ್ಲಿ 12ರ ಬದಲು 147 ಎಂದು ಕಾಣಿಸಿದರೆ, ವಾರಗಳನ್ನೆಲ್ಲ ಬೇರೆ ಬೇರೆ ಅಂಗಡಿಗಳೆಂದು ಎಣಿಸಲಾಗಿದೆ ಎಂದು ಪರೀಕ್ಷಕರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಹಂತ 7: ಕಂಪ್ಯೂಟರಿನಲ್ಲಿ ಮಾಡಿ

ಎಕ್ಸೆಲ್‌ನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಆಡ್-ಇನ್ಸ್’ ಮೂಲಕ ‘ಅನಾಲಿಸಿಸ್ ಟೂಲ್‌ಪ್ಯಾಕ್’ ಸಕ್ರಿಯಗೊಳಿಸಿ. ನಂತರ ‘ಡೇಟಾ’ ವಿಭಾಗದ ‘ಡೇಟಾ ಅನಾಲಿಸಿಸ್’ನಲ್ಲಿ ‘ಅನೋವಾ: ಸಿಂಗಲ್ ಫ್ಯಾಕ್ಟರ್’ ಆರಿಸಿ. ಗುಂಪಿಗೊಂದು ಕಾಲಂ ಇರಬೇಕು. ಮುಂದೆ ಬರುವ ಟ್ಯೂಕಿ ಪರೀಕ್ಷೆ, ಲೆವೀನ್ ಪರೀಕ್ಷೆ ಈ ಟೂಲ್‌ಪ್ಯಾಕಿನಲ್ಲಿ ಇಲ್ಲ.

ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರೀಯ ಸಾಫ್ಟ್‌ವೇರ್‌ನಲ್ಲಿ ಜೋಡಣೆ ಬೇರೆ: ಒಂದು ಕಾಲಂನಲ್ಲಿ ಎಲ್ಲ ಮಾರಾಟದ ಅಂಕಿಗಳು, ಪಕ್ಕದ ಕಾಲಂನಲ್ಲಿ ಗುಂಪಿನ ಸಂಕೇತ. ‘ಅನಲೈಸ್’, ‘ಕಂಪೇರ್ ಮೀನ್ಸ್’, ‘ಒನ್-ವೇ ಅನೋವಾ’ ಎಂದು ಹೋಗಿ, ‘ಆಪ್ಷನ್ಸ್’ನಲ್ಲಿ ಲೆವೀನ್ ಮತ್ತು ವೆಲ್ಚ್ ಎರಡನ್ನೂ ಗುರುತು ಮಾಡಿ. ಫಲಿತಾಂಶದಲ್ಲಿ ಪಿ-ಮೌಲ್ಯ ‘.000’ ಎಂದು ಬಂದರೆ ಸೊನ್ನೆ ಎಂದು ನಕಲು ಮಾಡಬೇಡಿ, ‘0.001ಕ್ಕಿಂತ ಕಡಿಮೆ’ ಎಂದು ಬರೆಯಿರಿ. ಎಸ್‌ಪಿಎಸ್‌ಎಸ್ ಕೊಳ್ಳಲು ಆಗದವರಿಗೆ ಜಾಸ್ಪ್, ಜಮೋವಿ ಎಂಬ ಉಚಿತ ಸಾಫ್ಟ್‌ವೇರ್‌ಗಳು ಇಷ್ಟನ್ನೂ ಮಾಡುತ್ತವೆ. ಕಳ್ಳ ಪ್ರತಿ ಹುಡುಕುವ ಅಗತ್ಯವೇ ಇಲ್ಲ.

ಹಂತ 8: ಯಾವುದು ಯಾವುದಕ್ಕಿಂತ ಬೇರೆ ಎಂದು ಪತ್ತೆ ಮಾಡಿ

ಎಫ್ ಹೇಳಿದ್ದು ಇಷ್ಟೇ: ಮೂರರಲ್ಲಿ ಎಲ್ಲೋ ವ್ಯತ್ಯಾಸವಿದೆ. ಅತಿ ಹೆಚ್ಚು ಸರಾಸರಿ ಬಾಟಲಿಯದ್ದಾದ್ದರಿಂದ ಬಾಟಲಿಯೇ ಉತ್ತಮ ಎಂದು ಇಲ್ಲಿಗೇ ಲೇಖನಿ ಕೆಳಗಿಡುವವರು ಬಹಳ. ಇದಕ್ಕೆ ‘ಪೋಸ್ಟ್ ಹಾಕ್’, ಎಂದರೆ ನಂತರದ ಪರೀಕ್ಷೆ ಬೇಕು. ಎಲ್ಲ ಜೋಡಿಗಳನ್ನೂ ಹೋಲಿಸುವುದಾದರೆ ಟ್ಯೂಕಿ ವಿಧಾನ ಸೂಕ್ತ. ಚದುರುವಿಕೆ ಅಸಮವಾಗಿದ್ದರೆ ಗೇಮ್ಸ್–ಹೋವೆಲ್.

ಟ್ಯೂಕಿ ಕೋಷ್ಟಕದಲ್ಲಿ ಮೂರು ಗುಂಪು, 12 ಡಿಗ್ರೀಸ್ ಆಫ್ ಫ್ರೀಡಂಗೆ ಶೇ. 5ರ ಮಟ್ಟದಲ್ಲಿ 3.77 ಸಿಗುತ್ತದೆ. ಇದನ್ನು 5.5÷5ರ ವರ್ಗಮೂಲವಾದ 1.049ರಿಂದ ಗುಣಿಸಿದರೆ 3.95. ಎರಡು ಸರಾಸರಿಗಳ ಅಂತರ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ವ್ಯತ್ಯಾಸ ಎನ್ನಬಹುದು. ಬಾಟಲಿ–ಡಬ್ಬಿ ಅಂತರ 5, ದಾಟಿದೆ. ಪೌಚ್–ಡಬ್ಬಿ ಅಂತರ 1, ದಾಟಿಲ್ಲ. ಬಾಟಲಿ–ಪೌಚ್ ಅಂತರ 4, ಕೂದಲೆಳೆಯಷ್ಟು ದಾಟಿದೆ.

ಈ ಮೂರನೆಯ ಜೋಡಿಯ ಬಗ್ಗೆ ಎಚ್ಚರಿಕೆಯಿಂದ ಬರೆಯಿರಿ. ಒಂದೇ ಅಂಗಡಿಯಲ್ಲಿ ವಾರಕ್ಕೆ ಒಂದು ಬಾಟಲಿ ಕಡಿಮೆ ಹೋಗಿದ್ದರೂ ತೀರ್ಮಾನ ತಿರುಗಿಬೀಳಬಹುದಿತ್ತು. ವರದಿಯಲ್ಲಿ ‘ಸಿಗ್ನಿಫಿಕಂಟ್’ (ಗಡಿ ದಾಟಿದೆ) ಎಂಬ ಪದವಷ್ಟೇ ಇದ್ದರೆ ಓದಿದವರಿಗೆ ಇದು ಗೊತ್ತಾಗುವುದಿಲ್ಲ. ಹಾಗೆಯೇ ಪೌಚ್ ಮತ್ತು ಡಬ್ಬಿ ‘ಸಮಾನ’ ಎಂದು ಬರೆಯಬೇಡಿ. ವ್ಯತ್ಯಾಸವಿದೆ ಎನ್ನಲು ಈ ಅಂಕಿಗಳು ಸಾಲಲಿಲ್ಲ ಎಂದಷ್ಟೇ ಬರೆಯಿರಿ.

ಇಲ್ಲೇ ಇನ್ನೊಂದು ಮಾತು. ವಯಸ್ಸು, ಲಿಂಗ, ಉದ್ಯೋಗ, ಆದಾಯ, ಶಿಕ್ಷಣ ಎಂಬ ಐದು ಅಂಶಗಳನ್ನು ಇಪ್ಪತ್ತು ಹೇಳಿಕೆಗಳ ಮೇಲೆ ಓಡಿಸಿದರೆ ನೂರು ಪರೀಕ್ಷೆಗಳಾಗುತ್ತವೆ. ಎಲ್ಲಿಯೂ ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಸುಮಾರು ಐದು ಕಡೆ ಪಿ-ಮೌಲ್ಯ 0.05ಕ್ಕಿಂತ ಕೆಳಗಿಳಿಯುತ್ತದೆ. ಆ ಐದನ್ನು ಆರಿಸಿಕೊಂಡು ಅಧ್ಯಾಯ ಕಟ್ಟುವುದನ್ನು ಸಂಶೋಧನೆ ಎನ್ನಲಾಗದು. ಯಾವ ಹೋಲಿಕೆಗಳು ಬೇಕು ಎಂಬುದನ್ನು ಸಿನಾಪ್ಸಿಸ್ ಬರೆಯುವಾಗಲೇ ನಿಗದಿ ಮಾಡಿ.

ಹಂತ 9: ವ್ಯತ್ಯಾಸ ಎಷ್ಟು ದೊಡ್ಡದು ಎಂದು ಹೇಳಿ

ಸಾವಿರಾರು ಅಂಕಿಗಳಿದ್ದರೆ ಎಳ್ಳಷ್ಟು ವ್ಯತ್ಯಾಸಕ್ಕೂ ಪಿ-ಮೌಲ್ಯ ಸಣ್ಣದಾಗುತ್ತದೆ. ಆದ್ದರಿಂದ ಪರಿಣಾಮದ ಗಾತ್ರವನ್ನೂ ಕೊಡಬೇಕು. ಈಟಾ-ಸ್ಕ್ವೇರ್ಡ್ ಎಂಬುದು ಒಟ್ಟು ಚದುರುವಿಕೆಯಲ್ಲಿ ಪ್ಯಾಕಿಂಗಿನ ಪಾಲು: 70÷136, ಅಂದರೆ 0.51. ಸಣ್ಣ ಮಾದರಿಗಳಲ್ಲಿ ಇದು ಉಬ್ಬಿ ಕಾಣುತ್ತದೆ. ಅದನ್ನು ತಿದ್ದಿದ ಒಮೆಗಾ-ಸ್ಕ್ವೇರ್ಡ್ ನಮ್ಮ ಲೆಕ್ಕದಲ್ಲಿ 0.42. 0.01 ಸಣ್ಣದು, 0.06 ಮಧ್ಯಮ, 0.14 ದೊಡ್ಡದು ಎಂಬ ಕೋಹೆನ್ ಅವರ ಅಳತೆಗೋಲು ರೂಢಿಯಲ್ಲಿದೆ. ವ್ಯಾಪಾರಕ್ಕೆ ಅದಕ್ಕಿಂತ ಬೇಕಾದ ಲೆಕ್ಕ ಬೇರೆ: ಡಬ್ಬಿಗಿಂತ ವಾರಕ್ಕೆ ಐದು ಹೆಚ್ಚು ಮಾರಾಟವಾಗುವ ಬಾಟಲಿಯ ಬೆಲೆ, ಸಾಗಣೆಯಲ್ಲಿ ಒಡೆಯುವ ಬಾಟಲಿಗಳ ನಷ್ಟ, ಇವೆರಡನ್ನೂ ಕಳೆದ ಮೇಲೆ ಸ್ವಸಹಾಯ ಗುಂಪಿನ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ? ಇದಕ್ಕೆ ಅನೋವಾದಲ್ಲಿ ಉತ್ತರವಿಲ್ಲ.

ಎರಡು ಅಂಶಗಳಿದ್ದರೆ, ಉದಾಹರಣೆಗೆ ಪ್ಯಾಕಿಂಗ್ ಜೊತೆಗೆ ಕಾಲಮಾನವನ್ನೂ ನೋಡುವುದಾದರೆ, ‘ಟೂ-ವೇ ಅನೋವಾ’ ಬೇಕಾಗುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ‘ಇಂಟರ್‌ಆ್ಯಕ್ಷನ್’: ಒಂದು ಅಂಶದ ಪ್ರಭಾವ ಇನ್ನೊಂದರ ಮೇಲೆ ಅವಲಂಬಿತವಾಗಿದೆಯೇ ಎಂಬುದು. ಮಳೆಗಾಲದಲ್ಲಿ ಜೋಗ ನೋಡಲು ಬಂದವರು ಬ್ಯಾಗಿನಲ್ಲಿ ಒಯ್ಯಲು ಪೌಚನ್ನೇ ಕೇಳಬಹುದು, ಬೇಸಿಗೆಯಲ್ಲಿ ಊರಿನವರು ಬಾಟಲಿಯನ್ನೇ ಕೊಳ್ಳಬಹುದು. ಹಾಗಿದ್ದಾಗ ‘ಒಟ್ಟಾರೆ ಯಾವುದು ಉತ್ತಮ’ ಎಂಬ ಸರಾಸರಿ ಎರಡೂ ಕಾಲಕ್ಕೆ ತಪ್ಪು ಉತ್ತರ ಕೊಡುತ್ತದೆ. ಪ್ರತಿ ಕಾಲಕ್ಕೂ ಪ್ರತ್ಯೇಕವಾಗಿ ಹೋಲಿಸಬೇಕು.

ಹಂತ 10: ವರದಿಯ ವಾಕ್ಯ ಬರೆಯಿರಿ

ಸಾಫ್ಟ್‌ವೇರ್ ಕೊಟ್ಟ ಪಟ್ಟಿಯನ್ನು ಅಂಟಿಸಿ, ಕೆಳಗೆ ‘ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ’ ಎಂದು ಮುಗಿಸಬೇಡಿ. ನಮ್ಮ ಉದಾಹರಣೆಗೆ ನಾನಾದರೆ ಹೀಗೆ ಬರೆಯುತ್ತೇನೆ:

‘ಹದಿನೈದು ಅಂಗಡಿಗಳಿಗೆ ಚೀಟಿ ಎತ್ತಿ ಮೂರು ಬಗೆಯ ಪ್ಯಾಕಿಂಗನ್ನು ಹಂಚಲಾಯಿತು. ವಾರದ ಸರಾಸರಿ ಮಾರಾಟ ಗಾಜಿನ ಬಾಟಲಿಯಲ್ಲಿ 25 (ಮಾನಕ ವಿಚಲನೆ 2.24), ಪೌಚಿನಲ್ಲಿ 21 (2.24), ಪ್ಲಾಸ್ಟಿಕ್ ಡಬ್ಬಿಯಲ್ಲಿ 20 (2.55) ಇತ್ತು. ಪ್ಯಾಕಿಂಗ್ ಬಗೆಗಳ ನಡುವೆ ವ್ಯತ್ಯಾಸ ಕಂಡುಬಂದಿದೆ: ಎಫ್ (2, 12) = 6.36, ಪಿ = 0.013, ಒಮೆಗಾ-ಸ್ಕ್ವೇರ್ಡ್ 0.42. ಟ್ಯೂಕಿ ಪರೀಕ್ಷೆಯ ಪ್ರಕಾರ ಬಾಟಲಿಯ ಮಾರಾಟ ಡಬ್ಬಿಗಿಂತ ಹೆಚ್ಚು. ಪೌಚಿಗಿಂತಲೂ ಹೆಚ್ಚು, ಆದರೆ ಈ ಅಂತರ ನಿರ್ಣಾಯಕ ಗಡಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ದಾಟಿದೆ. ಪೌಚ್ ಮತ್ತು ಡಬ್ಬಿಯ ನಡುವೆ ವ್ಯತ್ಯಾಸವನ್ನು ತೋರಿಸಲಾಗಲಿಲ್ಲ. ಗುಂಪಿಗೆ ಐದೇ ಅಂಗಡಿಗಳಿದ್ದುದರಿಂದ ಹೆಚ್ಚು ಅಂಗಡಿಗಳಲ್ಲಿ ಪ್ರಯೋಗವನ್ನು ಮರಳಿ ಮಾಡಿದ ನಂತರವೇ ಪ್ಯಾಕಿಂಗ್ ಬದಲಿಸುವ ತೀರ್ಮಾನ ಕೈಗೊಳ್ಳುವುದು ಸೂಕ್ತ.’